ಎರಡು ಹೆಜ್ಜೆಗಳ ನಡುವೆ ಹತ್ತು ಹೆಜ್ಜೆ: ರಾಮಾನುಜನ್ ಅರ್ಜಿ ಬರೆಯಲು ಕಲಿತ ಕಥೆ

ಇದು ಈ ವಾರದ ವಿಡಿಯೋ ಮಾತಿನ ಬರಹ ರೂಪ. ಮಾತಾಡುವ ಭರದಲ್ಲಿ ಬಿಟ್ಟುಹೋದ ಇಸವಿ, ಅಂಕಿಗಳನ್ನು ಇಲ್ಲಿ ಸೇರಿಸಿದ್ದೇನೆ.

ಪುಣೆ, ಹೈದರಾಬಾದ್, ಚೆನ್ನೈನಲ್ಲಿರೋ ನಮ್ಮ ಹುಡುಗ ಹುಡುಗಿಯರು ನನ್ನನ್ನು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ಸರ್, ಕೆಲಸ ಗೊತ್ತಿದೆ. ಆದ್ರೆ ಅರ್ಜಿ ಬರೆಯೋಕೆ ಬರಲ್ಲ. ಪ್ರಾಜೆಕ್ಟ್ ರಿಪೋರ್ಟ್ ಬರಿ ಅಂದ್ರೆ ಏನು ಬರೀಬೇಕು ಅಂತಾನೇ ತಿಳಿಯಲ್ಲ." ಇದರ ಹಿಂದೆ ಒಂದು ನಂಬಿಕೆ ಇದೆ: ಬರೆಯೋದು ಕೆಲವರಿಗೆ ಹುಟ್ಟಿನಿಂದಲೇ ಬರುತ್ತೆ, ಉಳಿದವರಿಗೆ ಬರಲ್ಲ ಅಂತ.

ಹಾಗಾದರೆ ಇವತ್ತು ಹುಟ್ಟು ಪ್ರತಿಭೆ ಅಂತ ನಾವೆಲ್ಲ ಒಪ್ಪುವ ಒಬ್ಬರನ್ನೇ ತಗೊಳ್ಳೋಣ, ಶ್ರೀನಿವಾಸ ರಾಮಾನುಜನ್ ಅವರನ್ನು. ಗಣಿತ ಅವರಿಗೆ ಎಲ್ಲಿಂದ ಬಂತೋ, ಆ ಚರ್ಚೆ ಬೇಡ. ಆದರೆ ತನ್ನ ಕೆಲಸವನ್ನು ಇನ್ನೊಬ್ಬರಿಗೆ ತಿಳಿಯುವ ಹಾಗೆ ಕಾಗದದ ಮೇಲೆ ಇಡೋದು ಅವರಿಗೂ ಹುಟ್ಟಿನಿಂದ ಬಂದಿರಲಿಲ್ಲ. ಸುಮಾರು 1910ರಿಂದ 1914ರವರೆಗೆ, ಮದ್ರಾಸಿನಲ್ಲಿ, ಒಬ್ಬೊಬ್ಬರ ಕೈಲಿ ತಿದ್ದಿಸಿಕೊಂಡು ಕಲಿತರು. ಹಾಗೆ ತಿದ್ದಿದವರಲ್ಲಿ ಒಬ್ಬರು ನಮ್ಮ ಬೆಂಗಳೂರಿನ ಮೇಷ್ಟ್ರು.

ನೋಟ್‌ಬುಕ್ ಇತ್ತು, ಡಿಗ್ರಿ ಇರಲಿಲ್ಲ

ರಾಮಾನುಜನ್ ಹುಟ್ಟಿದ್ದು 1887ರ ಡಿಸೆಂಬರ್ 22, ಈರೋಡಿನಲ್ಲಿ. ಬೆಳೆದದ್ದು ಕುಂಭಕೋಣದಲ್ಲಿ. ಶಾಲೆಯಲ್ಲಿ ಬಹುಮಾನ, ಕಾಲೇಜಿಗೆ ವಿದ್ಯಾರ್ಥಿವೇತನ, ಎಲ್ಲ ಸಿಕ್ಕಿತು. ಆದರೆ ಗಣಿತ ಬಿಟ್ಟು ಬೇರೆ ವಿಷಯಕ್ಕೆ ಮನಸ್ಸೇ ಕೊಡಲಿಲ್ಲ. ವಿದ್ಯಾರ್ಥಿವೇತನ ಹೋಯಿತು. ಆಮೇಲೆ ಮದ್ರಾಸಿನ ಪಚೈಯಪ್ಪ ಕಾಲೇಜು ಸೇರಿದರೂ ಎಫ್.ಎ. ಪರೀಕ್ಷೆ, ಅಂದರೆ ಈಗಿನ ಪಿಯುಸಿ ಥರದ್ದು, ಪಾಸಾಗಲಿಲ್ಲ. 1909ರಲ್ಲಿ ಮದುವೆಯಾಯಿತು. ಕೈಯಲ್ಲಿ ಕೆಲಸವಿಲ್ಲ.

ಅವರ ಬರವಣಿಗೆಗೆ ಒಂದು ತೊಡಕಿತ್ತು. ಹೈಸ್ಕೂಲಿನ ಕೊನೆಯ ದಿನಗಳಲ್ಲಿ ಜಿ.ಎಸ್. ಕಾರ್ ಎಂಬುವರ ಗಣಿತ ಪುಸ್ತಕ ಕೈಗೆ ಸಿಕ್ಕಿತ್ತು. ಅದು ಪರೀಕ್ಷೆಗೆ ಓದುವವರಿಗಾಗಿ ಮಾಡಿದ ಸೂತ್ರಗಳ ಸಂಗ್ರಹ. ಸಾವಿರಾರು ಫಲಿತಾಂಶಗಳು, ಸಾಧನೆ ಮಾತ್ರ ಅಲ್ಪಸ್ವಲ್ಪ. ರಾಮಾನುಜನ್ ಬರೆಯಲು ಕಲಿತದ್ದೂ ಹಾಗೆಯೇ. ಮೇಲಾಗಿ ಕಾಗದ ದುಬಾರಿ. ಲೆಕ್ಕವೆಲ್ಲ ಸ್ಲೇಟಿನ ಮೇಲೆ, ಮೊಣಕೈಯಿಂದ ಒರೆಸೋದು, ಕೊನೆಗೆ ಬಂದ ಉತ್ತರ ಮಾತ್ರ ನೋಟ್‌ಬುಕ್ಕಿಗೆ. ನಡುವಿನ ದಾರಿ ಸ್ಲೇಟಿನ ಜೊತೆಗೇ ಅಳಿಸಿ ಹೋಗ್ತಿತ್ತು.

1910ರಲ್ಲಿ ಆ ನೋಟ್‌ಬುಕ್ ಹಿಡಿದು ತಿರುಕ್ಕೋಯಿಲೂರಿಗೆ ಹೋದರು. ಅಲ್ಲಿ ಡೆಪ್ಯುಟಿ ಕಲೆಕ್ಟರ್ ಆಗಿದ್ದವರು ವಿ. ರಾಮಸ್ವಾಮಿ ಅಯ್ಯರ್, ಭಾರತದ ಗಣಿತ ಸಂಘವನ್ನು 1907ರಲ್ಲಿ ಶುರುಮಾಡಿದವರು. ರಾಮಾನುಜನ್ ಕೇಳಿದ್ದು ಒಂದು ಗುಮಾಸ್ತಿಕೆ. ಅಯ್ಯರ್ ನೋಟ್‌ಬುಕ್ ತಿರುವಿ ನೋಡಿದರು. ಇಂಥವರನ್ನು ಕಂದಾಯ ಇಲಾಖೆಯ ಕೆಳಗಿನ ಮೆಟ್ಟಿಲಲ್ಲಿ ಕೂರಿಸಿ ಕೊಲ್ಲಬಾರದು ಅಂತ ಕೆಲಸ ಕೊಡದೆ, ಪರಿಚಯ ಪತ್ರ ಕೊಟ್ಟು ಮದ್ರಾಸಿಗೆ ಕಳಿಸಿದರು. ಹಾಗೇ ಕೈಯಿಂದ ಕೈಗೆ ಹೋಗಿ, ನೆಲ್ಲೂರಿನ ಕಲೆಕ್ಟರ್ ಆರ್. ರಾಮಚಂದ್ರ ರಾವ್ ಅವರಿಂದ ತಿಂಗಳಿಗೆ 25 ರೂಪಾಯಿ ಸಹಾಯ ಸಿಕ್ಕಿತು.

ಬೆಂಗಳೂರಿನಿಂದ ವಾಪಸ್ ಬಂದ ಲೇಖನ

ಗಣಿತ ಸಂಘಕ್ಕೆ ಒಂದು ಪತ್ರಿಕೆ ಇತ್ತು. ಅದರ ಸಂಪಾದಕರು ಎಂ.ಟಿ. ನಾರಾಯಣ ಅಯ್ಯಂಗಾರ್, ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಗಣಿತ ಪ್ರಾಧ್ಯಾಪಕರು. ರಾಮಾನುಜನ್ ಮೊದಲು ಅದರಲ್ಲಿ ಓದುಗರಿಗೆ ಲೆಕ್ಕದ ಸವಾಲುಗಳನ್ನು ಹಾಕಿದರು. ವರ್ಗಮೂಲದೊಳಗೆ ವರ್ಗಮೂಲ, ಅದರೊಳಗೆ ಮತ್ತೊಂದು, ಹೀಗೆ ಕೊನೆಯಿಲ್ಲದೆ ಹೋಗುವ ಒಂದು ಸಮಸ್ಯೆ. ತಿಂಗಳುಗಟ್ಟಲೆ ಕಾದರೂ ಯಾರೂ ಬಿಡಿಸಲಿಲ್ಲ, ಕೊನೆಗೆ ತಾವೇ ಉತ್ತರ ಕೊಟ್ಟರು.

1911ರಲ್ಲಿ ಅವರ ಮೊದಲ ದೊಡ್ಡ ಲೇಖನ ಬಂತು, ಬರ್ನೌಲಿ ಸಂಖ್ಯೆಗಳ ಬಗ್ಗೆ. ಅದು ಒಂದೇ ಸಲಕ್ಕೆ ಅಚ್ಚಾಗಲಿಲ್ಲ. ಮದ್ರಾಸಿನಿಂದ ಬೆಂಗಳೂರಿಗೆ, ಬೆಂಗಳೂರಿನಿಂದ ಮದ್ರಾಸಿಗೆ ಹಲವು ಸಲ ಓಡಾಡಿತು. ವಿಧಾನ ಹೊಸದು, ಆದರೆ ತೀರಾ ಬಿಗಿ. ನಿರೂಪಣೆಯಲ್ಲಿ ಸ್ಪಷ್ಟತೆ ಇಲ್ಲ. ಸಾಮಾನ್ಯ ಓದುಗನಿಗೆ ಹಿಂಬಾಲಿಸೋಕೇ ಆಗಲ್ಲ. ಇದು ಅಯ್ಯಂಗಾರ್ ಅವರ ಅಭಿಪ್ರಾಯವಾಗಿತ್ತು.

ಇಲ್ಲಿ ಒಂದು ನಿಮಿಷ ನಿಲ್ಲೋಣ. ಅಯ್ಯಂಗಾರ್ ಮುಂದೆ ಎರಡು ಸುಲಭ ದಾರಿ ಇತ್ತು. "ಅರ್ಥವಾಗಲಿಲ್ಲ" ಅಂತ ಕಸದ ಬುಟ್ಟಿಗೆ ಹಾಕಬಹುದಿತ್ತು. ಇಲ್ಲವೇ "ಏನೋ ದೊಡ್ಡದು ಇರಬೇಕು" ಅಂತ ಇದ್ದ ಹಾಗೇ ಅಚ್ಚು ಹಾಕಬಹುದಿತ್ತು. ಅವರು ಎರಡನ್ನೂ ಮಾಡಲಿಲ್ಲ. ಕಾರಣ ಹೇಳಿ ವಾಪಸ್ ಕಳಿಸಿದರು, ತಿದ್ದಿ ಬಂದದ್ದನ್ನು ಮತ್ತೆ ಓದಿದರು. ಬರೆಯಲು ಕಲಿಸೋದು ಅಂದ್ರೆ ಇದೇ ಅಂತ ನನಗನಿಸುತ್ತೆ. ಆ ಮೇಜು ಬೆಂಗಳೂರಿನಲ್ಲಿ ಇತ್ತು ಅನ್ನೋದು ನಮಗೆ ಅಷ್ಟಾಗಿ ನೆನಪಿಲ್ಲ.

ಐದಾರು ವಾಕ್ಯದ ಅರ್ಜಿ

ಈಗ ಕೆಲಸದ ಅರ್ಜಿಗೆ ಬರೋಣ. ತಾರೀಖು 1912ರ ಫೆಬ್ರವರಿ 9. ಮದ್ರಾಸ್ ಪೋರ್ಟ್ ಟ್ರಸ್ಟ್‌ನ ಚೀಫ್ ಅಕೌಂಟೆಂಟ್ ಅವರಿಗೆ ರಾಮಾನುಜನ್ ಬರೆದ ಅರ್ಜಿ ಉಳಿದುಕೊಂಡಿದೆ. ಎಲ್ಲ ಸೇರಿ ಐದಾರು ವಾಕ್ಯ. ಅದರ ಕ್ರಮ ನೋಡಿ.

ನಿಮ್ಮ ಕಚೇರಿಯಲ್ಲಿ ಗುಮಾಸ್ತನ ಜಾಗ ಖಾಲಿ ಇದೆ ಅಂತ ತಿಳಿಯಿತು, ಅದಕ್ಕೆ ಅರ್ಜಿ ಹಾಕುತ್ತಿದ್ದೇನೆ. ಮೆಟ್ರಿಕ್ ಪಾಸು, ಎಫ್.ಎ.ವರೆಗೆ ಓದಿದ್ದೇನೆ, ಪ್ರತಿಕೂಲ ಸಂದರ್ಭಗಳಿಂದ ಮುಂದುವರಿಸಲಾಗಲಿಲ್ಲ. ಆದರೆ ಅಂದಿನಿಂದ ನನ್ನ ಸಮಯವನ್ನೆಲ್ಲ ಗಣಿತಕ್ಕೇ ಕೊಟ್ಟಿದ್ದೇನೆ. ಈ ಕೆಲಸಕ್ಕೆ ನ್ಯಾಯ ಒದಗಿಸಬಲ್ಲೆ ಎಂಬ ಭರವಸೆ ಇದೆ. ಆದ್ದರಿಂದ ನೇಮಿಸಿಕೊಳ್ಳಬೇಕು. ಸಾರಾಂಶ ಇಷ್ಟೇ. ಜೊತೆಗೆ ಪ್ರೆಸಿಡೆನ್ಸಿ ಕಾಲೇಜಿನ ಗಣಿತ ಪ್ರಾಧ್ಯಾಪಕ ಮಿಡಲ್‌ಮಾಸ್ಟ್ ಅವರ ಶಿಫಾರಸು ಪತ್ರ.

"ಬೇಡಿಕೊಳ್ಳುತ್ತೇನೆ" ಅನ್ನುವ ಅಂದಿನ ಇಂಗ್ಲಿಷ್ ಶೈಲಿ ಅದರಲ್ಲೂ ಇದೆ. ಆಗ ಎಲ್ಲರೂ ಹಾಗೇ ಬರೀತಿದ್ದರು. ನಮ್ಮ "ಅರ್ಜಿ" ಪದವೇ ಪಾರಸಿ ಮೂಲಕ ಬಂದ ಅರಬ್ಬಿ ಪದ, ದೊರೆಯ ಮುಂದೆ ಇಡುವ ಬಿನ್ನಹ ಅಂತ ಅರ್ಥ. "ಸವಿನಯ ಪ್ರಾರ್ಥನೆ", "ತಮ್ಮ ವಿಧೇಯ" ಅನ್ನೋದೂ ಅದೇ ಮನೆತನದ್ದು. ಆದರೆ ಈ ಉಡುಪು ತೆಗೆದು ನೋಡಿದರೆ ಒಳಗಿನ ಅಸ್ಥಿಪಂಜರ ಇವತ್ತಿನದೇ: ಯಾವ ಕೆಲಸ, ನನ್ನ ಬಳಿ ಏನಿದೆ, ಏನಿಲ್ಲ, ಯಾಕೆ ನಾನು ಮಾಡಬಲ್ಲೆ, ಯಾರು ಸಾಕ್ಷಿ.

ಎರಡು ವಿಷಯ ಗಮನಿಸಿ. ಓದು ನಿಂತುಹೋದದ್ದನ್ನು ಮುಚ್ಚಿಡಲಿಲ್ಲ, ಅದರ ಬಗ್ಗೆ ಪುಟಗಟ್ಟಲೆ ಅಳಲೂ ಇಲ್ಲ. ಒಂದು ವಾಕ್ಯ, ಮುಗೀತು. ಎರಡನೆಯದು, ಆ ಅರ್ಜಿಯಲ್ಲಿ ಒಂದೇ ಒಂದು ಸೂತ್ರ ಇಲ್ಲ. ಲೆಕ್ಕಪತ್ರ ನೋಡಿಕೊಳ್ಳುವ ಅಧಿಕಾರಿಗೆ ಬೇಕಾಗಿದ್ದು ಅನಂತ ಶ್ರೇಣಿ ಅಲ್ಲ, ನಂಬಿಕಸ್ಥ ಗುಮಾಸ್ತ. ಮಾರ್ಚ್ 1ಕ್ಕೆ ಕೆಲಸ ಸಿಕ್ಕಿತು. ಸಂಬಳ ತಿಂಗಳಿಗೆ 30 ರೂಪಾಯಿ.

ಹತ್ತು ಹೆಜ್ಜೆ

ಆ ಕಚೇರಿಯಲ್ಲಿ ಅವರ ಮೇಲಧಿಕಾರಿ ಎಸ್. ನಾರಾಯಣ ಅಯ್ಯರ್. ಹೆಸರು ಹತ್ತಿರ ಹತ್ತಿರ ಇದೆ, ಗೊಂದಲ ಬೇಡ: ಬೆಂಗಳೂರಿನ ಸಂಪಾದಕರು ಅಯ್ಯಂಗಾರ್, ಇವರು ಅಯ್ಯರ್. ಇವರೂ ಗಣಿತ ಬಲ್ಲವರು. ಸಂಜೆ ಹೊತ್ತು ಅಯ್ಯರ್ ಮನೆ ಮಾಳಿಗೆಯಲ್ಲಿ ಇಬ್ಬರೂ ಸ್ಲೇಟು ಹಿಡಿದು ಕೂರುತ್ತಿದ್ದರು. ಅಯ್ಯರ್ ಅವರ ಮಗ ಮುಂದೆ ನೆನಪಿಸಿಕೊಂಡ ಪ್ರಕಾರ, ತಂದೆ ರಾಮಾನುಜನ್‌ಗೆ ಹೇಳುತ್ತಿದ್ದ ಮಾತಿನ ಸಾರ ಇಷ್ಟು: ನೀವು ಒಂದು ಹೆಜ್ಜೆಯಿಂದ ಇನ್ನೊಂದಕ್ಕೆ ಹೇಗೆ ಹೋದಿರಿ ಅಂತ ನನಗೇ ತಿಳಿಯದಿದ್ದರೆ ಬೇರೆಯವರು ಹೇಗೆ ಒಪ್ಪುತ್ತಾರೆ? ನನ್ನ ಮಟ್ಟಕ್ಕೆ ಇಳಿದು, ನಿಮ್ಮ ಎರಡು ಹೆಜ್ಜೆಗಳ ನಡುವೆ ಹತ್ತು ಹೆಜ್ಜೆಯಾದರೂ ಬರೆಯಿರಿ.

ಪ್ರಾಜೆಕ್ಟ್ ರಿಪೋರ್ಟ್ ಬರೆಯುವ ಯಾರಿಗೇ ಆಗಲಿ, ಇದಕ್ಕಿಂತ ಒಳ್ಳೆ ಪಾಠ ನನಗೆ ಗೊತ್ತಿಲ್ಲ. ಕೆಲಸ ಮಾಡಿದವರಿಗೆ ನಡುವಿನ ಹೆಜ್ಜೆಗಳು "ಇದೇನು, ಎಲ್ಲರಿಗೂ ಗೊತ್ತಿರೋದೇ" ಅನಿಸುತ್ತೆ. ಓದುವವರಿಗೆ ಅಲ್ಲೇ ಹಳ್ಳ ಕಾಣೋದು.

ಕೇಂಬ್ರಿಜ್‌ಗೆ ಹೋದ ಪತ್ರಗಳು

ಇನ್ನು ಆ ಪ್ರಸಿದ್ಧ ಪತ್ರ. ಹಾರ್ಡಿಗೆ ಬರೆಯುವ ಮೊದಲು ರಾಮಾನುಜನ್ ಕೇಂಬ್ರಿಜ್‌ನ ಇನ್ನಿಬ್ಬರು ದೊಡ್ಡ ಗಣಿತಜ್ಞರಿಗೆ, ಬೇಕರ್ ಮತ್ತು ಹಾಬ್ಸನ್ ಅವರಿಗೆ, ಬರೆದಿದ್ದರು. ಇಬ್ಬರಿಂದಲೂ ಪ್ರಯೋಜನ ಆಗಲಿಲ್ಲ.

1913ರ ಜನವರಿ 16ರಂದು ಜಿ.ಎಚ್. ಹಾರ್ಡಿಗೆ ಬರೆದರು. ಮೊದಲ ವಾಕ್ಯದಲ್ಲೇ ತಾನು ಯಾರು ಅಂತ ಹೇಳಿದರು: ಮದ್ರಾಸ್ ಪೋರ್ಟ್ ಟ್ರಸ್ಟ್ ಲೆಕ್ಕಪತ್ರ ವಿಭಾಗದ ಗುಮಾಸ್ತ, ವರ್ಷಕ್ಕೆ 20 ಪೌಂಡ್ ಸಂಬಳ. ಗಮನಿಸಿ, ರೂಪಾಯಿ ಅಲ್ಲ, ಪೌಂಡ್. ಓದುವವರ ಅಳತೆಗೋಲು. ವಯಸ್ಸು ಸುಮಾರು 23 ಅಂತ ಬರೆದರು. ಆಗ ಅವರಿಗೆ 25 ತುಂಬಿತ್ತು, ಇದನ್ನು ಮಾತ್ರ ನೀವು ಅನುಸರಿಸಬೇಡಿ! ವಿಶ್ವವಿದ್ಯಾಲಯದ ಓದಿಲ್ಲ ಅಂತ ನೇರವಾಗಿ ಹೇಳಿದರು. ಆಮೇಲೆ ಹಾರ್ಡಿಯವರದೇ ಪುಸ್ತಕದ 36ನೇ ಪುಟವನ್ನು ಹೆಸರಿಸಿ, ಅಲ್ಲಿ ಇಲ್ಲ ಅಂತ ನೀವು ಹೇಳಿರುವುದು ನನಗೆ ಸಿಕ್ಕಿದೆ ಅಂದರು. ಅದರ ಜೊತೆ ಸುಮಾರು 120 ಪ್ರಮೇಯಗಳನ್ನು ಇಟ್ಟರು. ಕೊನೆಗೆ ಕೇಳಿದ್ದು: ದಯವಿಟ್ಟು ಇವನ್ನು ನೋಡಿ, ಬೆಲೆ ಇದ್ದರೆ ಪ್ರಕಟಿಸಬೇಕು ಅಂತ ಆಸೆ, ನಾನು ಬಡವ, ನಿಮ್ಮ ಸಲಹೆ ಬೇಕು.

ಆ 36ನೇ ಪುಟದ ಬಗ್ಗೆ ಮಾಡಿದ ದಾವೆ, ಅವಿಭಾಜ್ಯ ಸಂಖ್ಯೆಗಳ ಎಣಿಕೆಯದ್ದು, ಆಮೇಲೆ ತಪ್ಪು ಅಂತ ಗೊತ್ತಾಯಿತು. ಆದರೂ ಪತ್ರ ನಿಂತಿತು. ಯಾಕೆ? ಹೊಗಳಿಕೆಯ ಮೇಲೆ ಅಲ್ಲ, ಪರೀಕ್ಷಿಸಿ ನೋಡಬಹುದಾದ ಕೆಲಸದ ಮೇಲೆ ನಿಂತಿತ್ತು. ಹಾರ್ಡಿ ಮೊದಲು ಇದೇನೋ ಮೋಸ ಇರಬಹುದು ಅಂದುಕೊಂಡರು. ಆಮೇಲೆ ಗೆಳೆಯ ಲಿಟಲ್‌ವುಡ್ ಜೊತೆ ಕೂತು ನೋಡಿದ ಮೇಲೆ ಸಂಶಯ ಹೋಯಿತು. ಫೆಬ್ರವರಿ 8ಕ್ಕೆ ಉತ್ತರ ಬರೆದರು. ಅದರಲ್ಲಿ ಕೇಳಿದ್ದೇನು? ಸಾಧನೆಗಳನ್ನು ಕಳಿಸಿ ಅಂತ. ಬೆಂಗಳೂರಿನ ಅಯ್ಯಂಗಾರ್ ಕೇಳಿದ್ದೂ, ಮದ್ರಾಸಿನ ಅಯ್ಯರ್ ಕೇಳಿದ್ದೂ, ಕೇಂಬ್ರಿಜ್‌ನ ಹಾರ್ಡಿ ಕೇಳಿದ್ದೂ ಒಂದೇ.

ಫೆಬ್ರವರಿ 27ರ ಎರಡನೇ ಪತ್ರದಲ್ಲಿ ರಾಮಾನುಜನ್ ತನಗೆ ಏನು ಬೇಕು ಅಂತ ಬಿಚ್ಚಿ ಹೇಳಿದರು. ನಾನು ಅರೆಹೊಟ್ಟೆಯಲ್ಲಿದ್ದೇನೆ, ನಿಮ್ಮಿಂದ ಒಂದು ಅನುಕೂಲದ ಪತ್ರ ಬಂದರೆ ಇಲ್ಲಿ ವಿಶ್ವವಿದ್ಯಾಲಯದಿಂದಲೋ ಸರ್ಕಾರದಿಂದಲೋ ವಿದ್ಯಾರ್ಥಿವೇತನ ಸಿಗಬಹುದು, ಅಂತ. ಎಷ್ಟು ನಿಖರವಾದ ಬೇಡಿಕೆ ನೋಡಿ. "ಏನಾದರೂ ಸಹಾಯ ಮಾಡಿ" ಅನ್ನಲಿಲ್ಲ.

ಮೂರು ತಿಂಗಳಿಗೊಂದು ವರದಿ

1913ರ ಮೇ ತಿಂಗಳಿಂದ ಮದ್ರಾಸ್ ವಿಶ್ವವಿದ್ಯಾಲಯ ಅವರಿಗೆ ತಿಂಗಳಿಗೆ 75 ರೂಪಾಯಿ ಸಂಶೋಧನಾ ವೇತನ ಕೊಟ್ಟಿತು. ಒಂದು ಷರತ್ತು: ಮೂರು ತಿಂಗಳಿಗೊಮ್ಮೆ ಕೆಲಸದ ವರದಿ ಸಲ್ಲಿಸಬೇಕು. ನಮ್ಮ ಕಂಪನಿಗಳ ಕ್ವಾರ್ಟರ್ಲಿ ರಿಪೋರ್ಟ್ ಇದ್ದ ಹಾಗೆ. ಆಗಸ್ಟ್, ನವೆಂಬರ್, ಮರುವರ್ಷದ ಮಾರ್ಚ್, ಹೀಗೆ ಮೂರು ವರದಿ ಕೊಟ್ಟರು. ಮೊದಲ ವರದಿಯಲ್ಲೇ ಇರುವ ಒಂದು ಫಲಿತಾಂಶವನ್ನು ಇಂದು ರಾಮಾನುಜನ್ ಮಾಸ್ಟರ್ ಥಿಯರಂ ಅಂತ ಕರೀತಾರೆ. ಆಫೀಸಿಗೆ ಕೊಡುವ ವರದಿ ಅಂದ್ರೆ ಒಣ ಕಾಗದ ಅಂತ ಮೂಗು ಮುರಿಯುವವರು ಇದನ್ನು ನೆನಪಿಟ್ಟುಕೊಳ್ಳಿ.

1914ರ ಮಾರ್ಚ್ 17ರಂದು ಹಡಗು ಹತ್ತಿದರು. ಮುಂದಿನದು ನಿಮಗೆ ಗೊತ್ತು: ಕೇಂಬ್ರಿಜ್, 1918ರಲ್ಲಿ ರಾಯಲ್ ಸೊಸೈಟಿ, ಕಾಯಿಲೆ, 1919ರಲ್ಲಿ ವಾಪಸ್. 1920ರ ಜನವರಿಯಲ್ಲಿ ಹಾರ್ಡಿಗೆ ಬರೆದ ಕೊನೆಯ ಪತ್ರವೂ ಕೆಲಸದ ವರದಿಯೇ. ಮಾಕ್ ಥೀಟಾ ಎಂಬ ಹೊಸ ಫಲನಗಳು ಸಿಕ್ಕಿವೆ ಅಂತ ಉದಾಹರಣೆ ಕೊಟ್ಟು ವಿವರಿಸಿದರು. ಏಪ್ರಿಲ್ 26ಕ್ಕೆ ತೀರಿಕೊಂಡರು, 32ನೇ ವಯಸ್ಸಿನಲ್ಲಿ. ಆ ಪತ್ರದ ಉದಾಹರಣೆಗಳ ಹಿಂದಿನ ತತ್ವವನ್ನು ಜ್ವೇಗರ್ಸ್ ಎಂಬ ಡಚ್ ಗಣಿತಜ್ಞರು ಬಿಡಿಸಿದ್ದು 2002ರಲ್ಲಿ. ನಡುವಿನ ಹತ್ತು ಹೆಜ್ಜೆ ಬರೆಯಲು ಆ ಸಲ ಆಯುಷ್ಯ ಸಾಲಲಿಲ್ಲ. ಅವನ್ನು ತುಂಬಲು ಲೋಕಕ್ಕೆ 82 ವರ್ಷ ಬೇಕಾಯಿತು.

ನಮಗೇನು?

ಅರ್ಜಿ ಬರೆಯೋಕೆ ಬರಲ್ಲ ಅನ್ನುವವರಿಗೆ ನಾನು ಹೇಳೋದು ಇಷ್ಟೇ. ನಿಮ್ಮ ಬರಹವನ್ನು ಕಳಿಸುವ ಮೊದಲು ಒಬ್ಬರಿಗೆ ಓದಿಸಿ. ಅದೂ ನಿಮ್ಮ ಕೆಲಸ ಪೂರ್ತಿ ಗೊತ್ತಿಲ್ಲದವರಿಗೆ. ಅವರು ಎಲ್ಲಿ ತಡವರಿಸುತ್ತಾರೋ ಅಲ್ಲಿ ಹೆಜ್ಜೆ ಸೇರಿಸಿ. ಉತ್ತರ ಬರದಿದ್ದರೆ ತಪ್ಪೆಲ್ಲ ನಿಮ್ಮದೇ ಅಂದುಕೊಳ್ಳಬೇಡಿ. ಬೇಕರ್, ಹಾಬ್ಸನ್ ಆದ ಮೇಲೆಯೇ ಹಾರ್ಡಿ ಸಿಕ್ಕಿದ್ದು.

ಇನ್ನು ನಮ್ಮಲ್ಲೇ ಎಷ್ಟೋ ಜನ ಈಗ ಮುಂಬೈ, ದೆಹಲಿ, ಚೆನ್ನೈ ಕಚೇರಿಗಳಲ್ಲಿ ಅರ್ಜಿ ಓದುವ ಕುರ್ಚಿಯಲ್ಲಿ ಕೂತಿದ್ದೀರಿ. ನಿಮಗೂ ಒಂದು ಮಾತು. ಒಳ್ಳೆ ಕೆಲಸ, ಕೆಟ್ಟ ಬರಹ, ಎರಡೂ ಒಂದೇ ಕಾಗದದಲ್ಲಿ ಬರುತ್ತೆ. ಸೆಂಟ್ರಲ್ ಕಾಲೇಜಿನ ಮೇಷ್ಟ್ರು ಮಾಡಿದ ಹಾಗೆ ಎರಡು ಸಾಲಿನ ಕಾರಣ ಬರೆದು ವಾಪಸ್ ಕಳಿಸಿ. ಹತ್ತು ನಿಮಿಷದ ಕೆಲಸ. ಇನ್ನೊಬ್ಬರು ಬರೆಯಲು ಕಲಿಯೋದು ಅಲ್ಲಿಂದ.