ಅಳುವ ನಗರದಿಂದ ನಗುವ ಪತ್ರಗಳು

ಮದುವೆ ಮನೆಯಲ್ಲಿ ಊಟ ಮುಗಿಸಿ ಹಿರಿಯರು ಮಾತಿಗೆ ಕುಳಿತರೆಂದರೆ ಮಿರ್ಝಾ ಗಾಲಿಬರ ಒಂದು ಪ್ರಸಂಗ ಬಂದೇ ಬರುತ್ತದೆ. ಬ್ರಿಟಿಷ್ ಕರ್ನಲ್ ಒಬ್ಬ ಹರುಕುಮುರುಕು ಉರ್ದುವಿನಲ್ಲಿ, ನೀನು ಮುಸಲ್ಮಾನನೇ ಎಂದು ಅವರನ್ನು ಕೇಳಿದನಂತೆ. ಅರ್ಧ ಮುಸಲ್ಮಾನ ಎಂದರಂತೆ ಗಾಲಿಬ್. ಹಾಗೆಂದರೇನು ಎಂದು ಕೇಳಿದಾಗ, ಮದ್ಯ ಕುಡಿಯುತ್ತೇನೆ, ಹಂದಿ ತಿನ್ನುವುದಿಲ್ಲ ಎಂದು ವಿವರಿಸಿದರಂತೆ. ಕರ್ನಲ್ ನಕ್ಕುಬಿಟ್ಟ. ಗಾಲಿಬರ ಶಿಷ್ಯ ಅಲ್ತಾಫ್ ಹುಸೈನ್ ಹಾಲಿಯವರು ತಮ್ಮ ಗುರುವಿನ ಜೀವನಚರಿತ್ರೆಯಲ್ಲಿ ಇದನ್ನು ದಾಖಲಿಸಿದ್ದಾರೆ.

ಕಥೆ ಕೇಳಿ ನಾವೂ ನಗುತ್ತೇವೆ. ಮದ್ಯದ ಮಾತಿಗೆ ಯಾರಾದರೊಬ್ಬರು ಅಸ್ತಗ್ಫಿರುಲ್ಲಾಹ್ ಎಂದು ತಲೆಯಾಡಿಸುತ್ತಾರೆ. ಆದರೆ ಈ ಪ್ರಸಂಗ ನಡೆದದ್ದು ಯಾವಾಗ ಎಂದು ನಾವು ವಿಚಾರಿಸುವುದೇ ಇಲ್ಲ. ಅದು ನಡೆದದ್ದು 1857ರ ಅಕ್ಟೋಬರ್ ತಿಂಗಳ ಮೊದಲ ವಾರ. ದೆಹಲಿ ಬ್ರಿಟಿಷರ ಕೈವಶವಾಗಿ ಇನ್ನೂ ಮೂರು ವಾರವೂ ತುಂಬಿರಲಿಲ್ಲ. ಗೋಡೆ ಹಾರಿ ಬಂದ ಸೈನಿಕರು ಗಾಲಿಬರನ್ನೂ, ಅವರು ಸಾಕುತ್ತಿದ್ದ ಇಬ್ಬರು ಪುಟ್ಟ ಬಾಲಕರನ್ನೂ, ಮನೆಯ ಆಳುಗಳನ್ನೂ, ಕೆಲವು ನೆರೆಯವರನ್ನೂ ವಿಚಾರಣೆಗೆಂದು ನಡೆಸಿಕೊಂಡು ಹೋಗಿದ್ದರು. ಹೊರಗೆ ನಗರದಲ್ಲಿ ಗಲ್ಲುಗಂಬಗಳು ನಿಂತಿದ್ದವು. ನೀನು ಮುಸಲ್ಮಾನನೇ ಎಂಬ ಪ್ರಶ್ನೆಗೆ ಕೊಡುವ ಉತ್ತರದ ಮೇಲೆ ಜೀವವೇ ನಿಂತಿದ್ದ ದಿನಗಳವು. ಆ ಉತ್ತರದಲ್ಲಿ ಆ ಅರವತ್ತರ ಮುದುಕ ನಗೆಯೊಂದನ್ನು ಇಟ್ಟರು. ಮಕ್ಕಳೊಂದಿಗೆ ಮನೆಗೆ ಮರಳಿದರು.

ಸಂಕಷ್ಟದ ಕಾಲದಲ್ಲಿ ಸಬ್ರ್ ವಹಿಸಬೇಕೆಂದು ನಾವು ಪ್ರತಿ ಜುಮುಅದ ಖುತ್ಬಾದಲ್ಲಿ ಕೇಳುತ್ತೇವೆ. ಆದರೆ ಸಬ್ರ್ ಎಂದರೆ ಮುಖ ಗಂಟಿಕ್ಕಿಕೊಂಡು ಕೂರುವುದು ಎಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಕಾಲ ಕೆಟ್ಟಿರುವಾಗ ನಗುವುದು ತಪ್ಪೆಂಬಂತೆ, ನೊಂದವರಿಗೆ ಮಾಡುವ ದ್ರೋಹವೆಂಬಂತೆ ಕಾಣುತ್ತದೆ. ಅದಕ್ಕಾಗಿಯೇ 1857ರ ನಂತರದ ದೆಹಲಿಯನ್ನು, ಅಲ್ಲಿಂದ ಗಾಲಿಬ್ ಬರೆದ ಪತ್ರಗಳನ್ನು ನಾವು ಇಂದು ಸ್ವಲ್ಪ ನಿಧಾನವಾಗಿ ನೋಡೋಣ.

1857ರ ಮೇ 11ರಂದು ಮೀರತ್‌ನ ಸಿಪಾಯಿಗಳು ದೆಹಲಿ ಪ್ರವೇಶಿಸಿದರು. ವೃದ್ಧ ದೊರೆ ಬಹಾದುರ್ ಶಾ ಝಫರ್ ಬಂಡಾಯದ ನಾಯಕರಾದರು. ಅದೇ ಬಂಡಾಯದ ಕಾವು ಆ ವರ್ಷದ ಕೊನೆಗೆ ನಮ್ಮ ಹಲಗಲಿಯವರೆಗೂ, ಮರುವರ್ಷ ನರಗುಂದ, ಸುರಪುರಗಳವರೆಗೂ ಹಬ್ಬಿತು. ಸೆಪ್ಟೆಂಬರ್ 14ರಂದು ಬ್ರಿಟಿಷರು ದೆಹಲಿಯ ಕೋಟೆಗೋಡೆ ಒಡೆದು ನುಗ್ಗಿದರು. ಒಂದು ವಾರದೊಳಗೆ ಇಡೀ ನಗರ ಅವರದಾಯಿತು. ಬಳಿಕ ನಡೆದದ್ದು ಸೇಡು. ಜನರನ್ನು ನಗರದಿಂದ ಹೊರಗಟ್ಟಲಾಯಿತು. ಕೆಲ ತಿಂಗಳ ನಂತರ ಹಿಂದೂಗಳಿಗೆ ಮರಳಲು ಅನುಮತಿ ಸಿಕ್ಕಿತು. ಮುಸ್ಲಿಮರು ಇನ್ನೂ ಬಹುಕಾಲ ಕಾಯಬೇಕಾಯಿತು. ತಮ್ಮದೇ ಊರಿಗೆ ಕಾಲಿಡಲು ಅವರು ಪರವಾನಗಿ ಚೀಟಿ ಹಿಡಿದು ನಿಲ್ಲಬೇಕಿತ್ತು. ಜಾಮಾ ಮಸೀದಿ ಸೈನಿಕರ ಬಿಡಾರವಾಯಿತು. ಐದು ವರ್ಷ ಅಲ್ಲಿ ಅಝಾನ್ ಮೊಳಗಲಿಲ್ಲ.

ವಿದ್ವಾಂಸ ಇಮಾಮ್ ಬಖ್ಶ್ ಸಹ್ಬಾಯಿ ಕೊಲ್ಲಲ್ಪಟ್ಟರು. ಮೌಲಾನಾ ಫಝ್ಲೆ ಹಕ್ ಖೈರಾಬಾದಿಯವರನ್ನು ಅಂಡಮಾನಿಗೆ ಕಳುಹಿಸಲಾಯಿತು. 1861ರಲ್ಲಿ ಅವರು ಅಲ್ಲಿಯೇ ಕಣ್ಣು ಮುಚ್ಚಿದರು. ಮುಫ್ತಿ ಸದ್ರುದ್ದೀನ್ ಆಝುರ್ದಾ ಸೆರೆವಾಸ ಕಂಡರು, ಆಸ್ತಿ ಕಳೆದುಕೊಂಡರು. ಇವರೆಲ್ಲ ಗಾಲಿಬರ ಒಡನಾಡಿಗಳು. ಸಂಜೆ ಜೊತೆಗೆ ಕುಳಿತು ಕವಿತೆ ಓದುತ್ತಿದ್ದ ಮಂದಿಯೆಲ್ಲ ಒಂದೇ ವರ್ಷದಲ್ಲಿ ಇಲ್ಲವಾದರು.

ಗಾಲಿಬ್ ಬಲ್ಲಿಮಾರಾನ್‌ನಲ್ಲಿದ್ದರು. ಆ ಓಣಿಯಲ್ಲಿದ್ದ ಹಕೀಮರ ಮನೆತನ ಪಟಿಯಾಲದ ಮಹಾರಾಜರ ಆಶ್ರಯದಲ್ಲಿದ್ದುದರಿಂದ ಮಹಾರಾಜರ ಸೈನಿಕರು ಓಣಿಯ ಬಾಗಿಲಲ್ಲಿ ಕಾವಲು ನಿಂತರು. ಜೀವ ಉಳಿಯಿತು. ಆದರೆ ಒಳಗೆ ನೀರಿಲ್ಲ, ಕಾಳಿಲ್ಲ. ಒಂದು ದಿನ ಮಳೆ ಬಂತು. ಮನೆಯವರು ಅಂಗಳದಲ್ಲಿ ಬಟ್ಟೆಯೊಂದನ್ನು ಬಿಗಿದು ಕಟ್ಟಿ, ಕೆಳಗೆ ಮಡಕೆಯಿಟ್ಟು ನೀರು ಹಿಡಿದರು. ಮಕ್ಕಳು ಹಾಲು, ಹಣ್ಣು, ಮಿಠಾಯಿ ಎಂದು ಅಳುತ್ತಿದ್ದವು. ಬ್ರಿಟಿಷರಿಂದ ಬರುತ್ತಿದ್ದ ಕುಟುಂಬದ ಪಿಂಚಣಿ ತಿಂಗಳಿಗೆ 62 ರೂಪಾಯಿ 8 ಆಣೆ; ಅದೂ ನಿಂತುಹೋಯಿತು. ಹಾಸಿಗೆ, ಬಟ್ಟೆಗಳನ್ನು ಒಂದೊಂದಾಗಿ ಮಾರಿ ಹೊಟ್ಟೆ ಹೊರೆಯಬೇಕಾಯಿತು. ಲೋಕವೆಲ್ಲ ರೊಟ್ಟಿ ತಿನ್ನುತ್ತಿದ್ದರೆ ತಾನು ಬಟ್ಟೆ ತಿನ್ನುತ್ತಿದ್ದೇನೆ ಎಂಬರ್ಥದಲ್ಲಿ ಗಾಲಿಬ್ ತಮ್ಮ ದಿನಚರಿ 'ದಸ್ತಂಬು'ವಿನಲ್ಲಿ ಬರೆದುಕೊಂಡರು.

ಅದೇ ಅಕ್ಟೋಬರ್‌ನಲ್ಲಿ ಅವರ ಏಕೈಕ ತಮ್ಮ ಮಿರ್ಝಾ ಯೂಸುಫ್ ತೀರಿಕೊಂಡರು. ಯೂಸುಫ್ ಹಲವು ವರ್ಷಗಳಿಂದ ಬುದ್ಧಿಭ್ರಮಣೆಗೆ ಒಳಗಾಗಿದ್ದವರು. ಸ್ವಲ್ಪ ದೂರದ ಬೇರೆ ಮನೆಯಲ್ಲಿದ್ದರು. ಜ್ವರ ಬಂದು ಐದು ದಿನದಲ್ಲಿ ಹೋದರು ಎಂದು ಗಾಲಿಬ್ ಬರೆದಿದ್ದಾರೆ. ಮಯ್ಯಿತ್‌ಗೆ ಸ್ನಾನ ಮಾಡಿಸುವವರಿಲ್ಲ, ಕಫನ್ ಬಟ್ಟೆ ಸಿಗುವ ಅಂಗಡಿಯಿಲ್ಲ, ಕಬರ್ ತೋಡುವವರಿಲ್ಲ. ಗಾಲಿಬರ ಮನೆಯಲ್ಲಿದ್ದ ಎರಡು ಮೂರು ಬಿಳಿ ಚಾದರಗಳೇ ಕಫನ್ ಆದವು. ನೆರೆಯವರು ಮರುಗಿ ಬಂದರು. ಪಟಿಯಾಲದ ಕಾವಲು ಸೈನಿಕನೊಬ್ಬ ಮುಂದೆ ನಡೆದ, ಇಬ್ಬರು ಆಳುಗಳು ಜೊತೆಗೂಡಿದರು. ಮನೆಯ ಹತ್ತಿರದ ಮಸೀದಿಯಲ್ಲಿ ನೆಲ ತೋಡಿ ದಫನ ಮಾಡಿದರು. ಕಾವಲಿಗೆಂದು ಬಂದ ಸೈನಿಕ ಅಪರಿಚಿತನೊಬ್ಬನ ಜನಾಝಕ್ಕೆ ದಾರಿ ಮಾಡಿಕೊಟ್ಟ ಈ ಸಂಗತಿಯನ್ನು ಯುದ್ಧದ ಚರಿತ್ರೆಗಳಲ್ಲಿ ಹುಡುಕಿದರೆ ಸಿಗುವುದಿಲ್ಲ. ನಮಗಿದು ತಿಳಿದದ್ದು ದುಃಖದಲ್ಲಿದ್ದ ಅಣ್ಣನೊಬ್ಬ ಬರೆದಿಟ್ಟದ್ದರಿಂದ.

ಇಂಥದ್ದೇ ಇನ್ನೂ ಕೆಲವು ಹೆಸರುಗಳನ್ನು ಗಾಲಿಬ್ ಉಳಿಸಿಹೋಗಿದ್ದಾರೆ. ಮುಸ್ಲಿಮನ ಮನೆಗೆ ಹೋಗಿಬರುವುದೇ ಅಪಾಯವೆನಿಸಿದ್ದ ಆ ದಿನಗಳಲ್ಲಿ ಹೀರಾ ಸಿಂಗ್ ಎಂಬ ಯುವಕ ಅವರನ್ನು ನೋಡಲು ಬರುತ್ತಿದ್ದ. ಶಿವಜೀ ರಾಮ್ ಎಂಬ ಬ್ರಾಹ್ಮಣ ಮಗನಂತೆ ನೋಡಿಕೊಂಡ. ಶಿಷ್ಯ ಹರಗೋಪಾಲ್ ತಫ್ತಾ ಹಣ ಕಳುಹಿಸಿದರು. ಊರೆಲ್ಲ ಹಿಂದೂ ಯಾರು, ಮುಸ್ಲಿಂ ಯಾರು ಎಂದು ಬೇರ್ಪಡಿಸುವ ಕೆಲಸ ಸರಕಾರಿ ಹುಕುಮಿನಿಂದಲೇ ನಡೆದಿದ್ದಾಗ ಇವರು ಆ ಗೆರೆಯನ್ನು ಲೆಕ್ಕಿಸಲಿಲ್ಲ.

ಇನ್ನು ಪತ್ರಗಳ ವಿಷಯ. ಗೆಳೆಯರು ಚದುರಿಹೋದ ಮೇಲೆ ಗಾಲಿಬರಿಗೆ ಉಳಿದದ್ದು ಅಂಚೆಯೊಂದೇ. ಅಂಚೆಯವನು ಪತ್ರ ತಂದರೆ ಬರೆದವರೇ ಮನೆಗೆ ಬಂದಂತೆ ಅವರು ಸಂಭ್ರಮಿಸುತ್ತಿದ್ದರು. ಉದ್ದುದ್ದ ಬಿರುದು, ಒಕ್ಕಣೆಗಳನ್ನು ಬಿಟ್ಟು, ಎದುರು ಕುಳಿತವರೊಡನೆ ಮಾತಾಡುವಂತೆ ಬರೆಯುತ್ತಿದ್ದರು. ಈ ಪತ್ರಗಳೇ ಮುಂದೆ 1868ರಲ್ಲಿ 'ಊದೆ ಹಿಂದಿ', 1869ರಲ್ಲಿ 'ಉರ್ದೂಯೆ ಮುಅಲ್ಲಾ' ಎಂಬ ಸಂಗ್ರಹಗಳಾಗಿ ಅಚ್ಚಾದವು. ಉರ್ದು ಗದ್ಯಕ್ಕೇ ಹೊಸ ದಾರಿ ತೋರಿಸಿದವು.

ಆ ಪತ್ರಗಳಲ್ಲಿ ಅಳುವೂ ಇದೆ. ಬಂಡಾಯದಲ್ಲಿ ಸತ್ತ ಇಂಗ್ಲಿಷರಲ್ಲಿ ತನ್ನ ಗೆಳೆಯರಿದ್ದರು, ಶಿಷ್ಯರಿದ್ದರು; ಸತ್ತ ಹಿಂದೂಸ್ತಾನಿಗಳಲ್ಲಿ ತನ್ನ ಬಂಧುಗಳಿದ್ದರು, ಪ್ರಿಯರಿದ್ದರು; ಎಲ್ಲರೂ ಮಣ್ಣಾದರು ಎಂದು ಅವರು ತಫ್ತಾರಿಗೆ ಬರೆದರು. ಇಷ್ಟು ಜನರಿಗೆ ಅತ್ತ ಮನುಷ್ಯ ತಾನು ಸತ್ತರೆ ಅಳುವವರೂ ಉಳಿದಿಲ್ಲವಲ್ಲ ಎಂದು ಹಲುಬಿದ್ದೂ ಉಂಟು.

ಅದೇ ತಫ್ತಾರಿಗೆ 1859ರ ಜನವರಿಯ ಮೊದಲ ದಿನಗಳಲ್ಲಿ ಒಂದು ಹುಸಿಮುನಿಸಿನ ಪತ್ರ ಹೋಗುತ್ತದೆ. ಇಂಥ ಬುದ್ಧಿ ನನಗೆ ಇಷ್ಟವಿಲ್ಲಪ್ಪ, 1858ರಲ್ಲಿ ಬರೆದ ಪತ್ರಕ್ಕೆ 1859ರಲ್ಲಿ ಉತ್ತರಿಸುತ್ತೀಯಲ್ಲ, ಕೇಳಿದರೆ ಮರುದಿನವೇ ಬರೆದೆನಲ್ಲ ಎನ್ನುತ್ತೀಯೆ ಎಂಬ ಧಾಟಿ ಅದರದು. ಇನ್ನೊಮ್ಮೆ, ತನ್ನ ಕವಿತೆಗಳನ್ನು ತಿದ್ದಿ ತಿದ್ದಿ ಗುರುಗಳಿಗೆ ಬೇಸರವಾಗಿರಬಹುದೆಂದು ತಫ್ತಾ ಅಳುಕಿದಾಗ ಗಾಲಿಬ್ ಮನೆಯ ಹುಡುಗರ ಕಥೆ ಹೇಳುತ್ತಾರೆ. ಬರಿಗಾಲಲ್ಲಿ ಬಂದು ಹಾಸಿಗೆ ತುಳಿಯುತ್ತಾರೆ, ನೀರು ಚೆಲ್ಲುತ್ತಾರೆ, ಮಧ್ಯಾಹ್ನ ಕಣ್ಣು ಮುಚ್ಚಲು ಬಿಡುವುದಿಲ್ಲ. ಆ ಮಕ್ಕಳಿಂದಲೇ ಬೇಸರವಾಗದಿದ್ದರೆ ನಿನ್ನ ಕವಿತೆಗಳಿಂದ ಏಕಾದೀತು ಎನ್ನುತ್ತಾರೆ. ಗಾಲಿಬರ ಸ್ವಂತ ಏಳು ಮಕ್ಕಳು ಎಳವೆಯಲ್ಲೇ ತೀರಿಕೊಂಡಿದ್ದವು. ಈ ಇಬ್ಬರು ಅವರ ಮಡದಿಯ ಕಡೆಯ ಅನಾಥ ಮಕ್ಕಳು. ಹಾಸಿಗೆ ತುಳಿಯುವ ಆ ಪುಟ್ಟ ಕಾಲುಗಳ ಬೆಲೆ ಅವರಿಗೆ ಗೊತ್ತಿತ್ತು.

ತನ್ನ ಸಾವಿನ ಬಗ್ಗೆಯೂ ಅವರು ನಗೆಯಾಡಿದರು. 'ಗಾಲಿಬ್ ಮುರ್ದ್', ಅಂದರೆ ಗಾಲಿಬ್ ಸತ್ತ ಎಂಬ ಅಕ್ಷರಗಳನ್ನು ಅಬ್ಜದ್ ಲೆಕ್ಕದಲ್ಲಿ ಕೂಡಿದರೆ 1277 ಬರುತ್ತದೆ. ಹಾಗಾಗಿ ಹಿಜರಿ 1277ರಲ್ಲಿ ತಾನು ಸಾಯುತ್ತೇನೆ ಎಂದು ಅವರು ಹೇಳಿಕೊಂಡಿದ್ದರು. ಆ ಹೊತ್ತಿಗೆ ದೆಹಲಿಯಲ್ಲಿ ಸಾಂಕ್ರಾಮಿಕ ರೋಗವೂ ಬಂತು. ಗಾಲಿಬ್ ಸಾಯಲಿಲ್ಲ. ಊರಿಗೆ ಊರೇ ಸಾಯುವಾಗ ಜನಜಂಗುಳಿಯಲ್ಲಿ ಸೇರಿ ಸಾಯುವುದು ತನ್ನ ಘನತೆಗೆ ತಕ್ಕುದಲ್ಲವೆಂದು ಮುಂದೂಡಿದ್ದೇನೆ ಎಂದು ಮೀರ್ ಮೆಹ್ದಿ ಮಜ್ರೂಹ್ ಎಂಬ ಶಿಷ್ಯನಿಗೆ ಬರೆದರು. 1862ರ ಮಳೆಗಾಲದಲ್ಲಿ ಮನೆಯ ಮಾಡು ಸೋರತೊಡಗಿದಾಗ, ಆಕಾಶ ಎರಡು ಗಂಟೆ ಸುರಿದರೆ ತನ್ನ ಮಾಡು ನಾಲ್ಕು ಗಂಟೆ ಸುರಿಯುತ್ತದೆ ಎಂದು ಪತ್ರವೊಂದರಲ್ಲಿ ವರದಿ ಒಪ್ಪಿಸಿದರು. ಸೋರುವ ಮನೆಯಲ್ಲಿ ಬಾಳಿದ ಯಾರಿಗೂ ಈ ಲೆಕ್ಕವನ್ನು ವಿವರಿಸಿ ಹೇಳಬೇಕಿಲ್ಲ.

ಗಾಲಿಬರನ್ನು ನಾವು ಧಾರ್ಮಿಕ ಮಾದರಿಯೆಂದು ಮುಂದಿಡುತ್ತಿಲ್ಲ. ಅವರ ಕುಡಿತ ಕುಡಿತವೇ, ಅದನ್ನು ಅವರೂ ಮುಚ್ಚಿಡಲಿಲ್ಲ. 'ದಸ್ತಂಬು'ವಿನಲ್ಲಿ ಗೆದ್ದವರನ್ನು ಹೊಗಳಿದ್ದಾರೆ; ಪಿಂಚಣಿಯ ಆಸೆಯಿಂದ ಅದರ ಪ್ರತಿಗಳನ್ನು ಬ್ರಿಟಿಷ್ ಅಧಿಕಾರಿಗಳಿಗೆ ಕಳುಹಿಸಿದ್ದಾರೆ. ಕೊನೆಗೆ 1860ರಲ್ಲಿ ಪಿಂಚಣಿ ಮರಳಿತು. ಮೂರು ವರ್ಷದ ಬಾಕಿ 2,250 ರೂಪಾಯಿ ಒಟ್ಟಿಗೆ ಬಂದರೂ ಅದರ ಬಹುಪಾಲು ಸಾಲಗಾರರ ಕೈಸೇರಿತು. ಅಂಡಮಾನಿಗೆ ಹೋದ ಮೌಲಾನಾರ ಧೈರ್ಯ ಇವರಲ್ಲಿರಲಿಲ್ಲ. ಎಲ್ಲರಲ್ಲೂ ಆ ಧೈರ್ಯವಿರುವುದಿಲ್ಲ. ಬಹುಪಾಲು ಜನ ಮಕ್ಕಳಿಗೆ ಹಾಲು ಹೊಂದಿಸುತ್ತ, ಬಾಡಿಗೆಗೆ ಪರದಾಡುತ್ತ, ಅಂಜುತ್ತಲೇ ಕಷ್ಟಕಾಲವನ್ನು ದಾಟುತ್ತಾರೆ. ನಮ್ಮಂಥ ಆ ಬಹುಪಾಲಿನವರಿಗೆ ಗಾಲಿಬರ ಪತ್ರಗಳಿಂದ ಕಲಿಯುವುದಿದೆ.

ಅವರ ನಗೆಯ ಗುರಿ ಯಾರೆಂದು ಗಮನಿಸಬೇಕು. ಸೋರುವುದು ಅವರದೇ ಮಾಡು, ಸಾಯಬೇಕಾದವರು ಅವರೇ, ಅರ್ಧ ಮುಸಲ್ಮಾನನೂ ಅವರೇ. ಬಿದ್ದವರನ್ನು ತುಳಿಯುವ ನಗು ಅಲ್ಲಿಲ್ಲ. ನೆರೆಯ ಧರ್ಮವನ್ನು ಹಂಗಿಸುವ ನಗುವೂ ಇಲ್ಲ. ಮನುಷ್ಯರನ್ನು ಹತ್ತಿರ ತರುವ ಇಂಥ ನಗುವಿಗೆ ನಮ್ಮ ಧರ್ಮದಲ್ಲೇ ಅತ್ಯುತ್ತಮ ಮಾದರಿಯಿದೆ. ಪ್ರವಾದಿ(ಸ)ಯವರು ಸಂಗಾತಿಗಳೊಂದಿಗೆ ತಮಾಷೆ ಮಾಡುತ್ತಿದ್ದರು. ಆದರೆ ತಮಾಷೆಯಲ್ಲೂ ಸತ್ಯವನ್ನೇ ಆಡುತ್ತಿದ್ದರು. ಸವಾರಿಗೆ ಒಂಟೆ ಕೇಳಿ ಬಂದವನಿಗೆ ಒಂಟೆಯ ಮರಿಯನ್ನು ಕೊಡುತ್ತೇನೆಂದರು. ಮರಿಯನ್ನು ಕಟ್ಟಿಕೊಂಡು ಏನು ಮಾಡಲಿ ಎಂದು ಆತ ಪೇಚಾಡಿದಾಗ, ಪ್ರತಿ ಒಂಟೆಯೂ ಒಂದು ಒಂಟೆಯ ಮರಿಯೇ ಅಲ್ಲವೇ ಎಂದರು. ಸಾಕಿದ ಹಕ್ಕಿ ಸತ್ತು ಕಂಗಾಲಾಗಿದ್ದ ಪುಟ್ಟ ಬಾಲಕ ಅಬೂ ಉಮೈರ್‌ನನ್ನು, ಆ ಹಕ್ಕಿಯ ಹೆಸರಿಗೆ ಪ್ರಾಸ ಹೊಂದಿಸಿ ಮಾತಾಡಿಸಿದರು. ಮದೀನಾದ ಹೊಣೆಯೆಲ್ಲ ಹೆಗಲ ಮೇಲಿದ್ದವರಿಗೆ ಒಂದು ಮಗುವಿನ ಹಕ್ಕಿಗಾಗಿ ಸಮಯವಿತ್ತು.

ಸೂರಃ ಯೂಸುಫ್‌ನಲ್ಲಿ ಯಅಕೂಬ್(ಅ)ರನ್ನು ನೋಡಿ. ಮಗನಿಗಾಗಿ ಅತ್ತು ಅತ್ತು ಅವರ ಕಣ್ಣುಗಳು ಬೆಳ್ಳಗಾದವು. ಅದೇ ತಂದೆ ಉಳಿದ ಮಕ್ಕಳನ್ನು ಕರೆದು, ಅಲ್ಲಾಹನ ಕಾರುಣ್ಯದ ಬಗ್ಗೆ ನಿರಾಶರಾಗಬೇಡಿ, ಹೋಗಿ ಯೂಸುಫ್‌ನನ್ನು ಹುಡುಕಿ ಎಂದು ಕಳುಹಿಸುತ್ತಾರೆ. ಕಣ್ಣೀರು ಹಾಕಿದ ಮಾತ್ರಕ್ಕೆ ಅವರ ಆಸೆ ಕುಂದಲಿಲ್ಲ.

ಇಂದು ನಮ್ಮ ಮನೆಗಳಲ್ಲಿ ಬೆಳಗಾದರೆ ಮೊಬೈಲ್ ತುಂಬ ಭಯದ ಸುದ್ದಿ. ಒಂದು ಬಂದರೆ ಹತ್ತು ಜನರಿಗೆ ದಾಟಿಸುತ್ತೇವೆ. ಹಾಗೆ ದಾಟಿಸುವ ಮುನ್ನ, ದೂರದಲ್ಲಿರುವ ಅಕ್ಕನಿಗೋ ಹಳೆಯ ಮೇಷ್ಟ್ರಿಗೋ ಪಕ್ಕದ ಮನೆಯ ಅಣ್ಣನಿಗೋ ಎರಡು ಮಾತಾಡಿ, ಅವರನ್ನು ಒಮ್ಮೆ ನಗಿಸಲು ಸಾಧ್ಯವೇ ಎಂದು ಯೋಚಿಸಿದರೆ ಅದೂ ಒಂದು ಸದಕಾವೇ. ಸಹೋದರನ ಮುಂದೆ ಮುಗುಳ್ನಗುವುದು ಸದಕಾ ಎಂದು ಪ್ರವಾದಿ(ಸ)ಯವರು ಕಲಿಸಿದ್ದಾರೆ.

1862ರ ಕೊನೆಯಲ್ಲಿ ಗಾಲಿಬ್ ಮಜ್ರೂಹ್‌ಗೆ ಬರೆದ ಒಂದು ಪತ್ರದೊಂದಿಗೆ ಈ ಲೇಖನ ಮುಗಿಸೋಣ. ಅದರಲ್ಲಿ ಎರಡು ಸುದ್ದಿಗಳಿವೆ. ಒಂದು, ನವೆಂಬರ್ 7ರ ಶುಕ್ರವಾರ ರಂಗೂನಿನಲ್ಲಿ ಬಹಾದುರ್ ಶಾ ಝಫರ್ ಪರಕೀಯರ ಸೆರೆಯಿಂದಲೂ ದೇಹದ ಸೆರೆಯಿಂದಲೂ ಬಿಡುಗಡೆ ಹೊಂದಿದರು ಎಂಬುದು. ಇನ್ನೊಂದು, ಜಾಮಾ ಮಸೀದಿ ಮರಳಿ ಮುಸ್ಲಿಮರ ಕೈಸೇರಿದೆ ಎಂಬುದು. ಅಷ್ಟಕ್ಕೇ ಗಾಲಿಬ್ ನಿಲ್ಲಿಸುವುದಿಲ್ಲ. ಚಿತ್ಲಿ ಕಬರ್ ಕಡೆಯ ಮೆಟ್ಟಿಲುಗಳ ಮೇಲೆ ಕಬಾಬಿನವರು ಮತ್ತೆ ಅಂಗಡಿ ಹಾಕಿದ್ದಾರೆ, ಮೊಟ್ಟೆ, ಕೋಳಿ, ಪಾರಿವಾಳ ಮಾರಾಟ ಶುರುವಾಗಿದೆ ಎಂದೂ ತಿಳಿಸುತ್ತಾರೆ. ಬಾದಶಾಹ ಹೋದರು, ಕಬಾಬಿನವರು ಬಂದರು. ಊರು ಬಿಟ್ಟು ದೂರದಲ್ಲಿದ್ದ ಶಿಷ್ಯನಿಗೆ ದೆಹಲಿ ಇನ್ನೂ ಉಸಿರಾಡುತ್ತಿದೆ ಎಂದು ತಿಳಿಯಲು ಆ ಮೆಟ್ಟಿಲುಗಳ ಹೊಗೆಯಷ್ಟು ಸಾಕಾಯಿತು.

ಕಷ್ಟದ ದಿನಗಳಲ್ಲಿ ಅಳುವ ಕಣ್ಣನ್ನೂ ನಗುವ ನಾಲಗೆಯನ್ನೂ ಅಲ್ಲಾಹನು ನಮಗೆ ಒಟ್ಟಿಗೇ ಕರುಣಿಸಲಿ. ಆಮೀನ್.