ದುರ್ಗದ ಬೆಟ್ಟದಲ್ಲಿ ನೀರಿನ ದಾರಿ

ಚಿತ್ರದುರ್ಗಕ್ಕೆ ಬರುವ ಯಾತ್ರಿಕರು ಸಾಮಾನ್ಯವಾಗಿ ಏಳು ಸುತ್ತಿನ ಕೋಟೆಯನ್ನು ಹತ್ತಿ, ಓಬವ್ವನ ಕಿಂಡಿಯನ್ನು ನೋಡಿ, ಮದಕರಿ ನಾಯಕರ ಶೌರ್ಯವನ್ನು ನೆನೆದು ಹಿಂದಿರುಗುತ್ತಾರೆ. ಅದು ತಪ್ಪಲ್ಲ. ಆದರೆ ಮಳೆ ಕಡಮೆಯಾದ ಈ ಬೋಳುಬಂಡೆಗಳ ನಡುವೆ ಅಷ್ಟು ಜನ ಬದುಕಿದ್ದು ಹೇಗೆಂದು ಕೇಳಿಕೊಂಡರೆ, ಈ ಪುಟ್ಟ ಬೆಟ್ಟದೂರಿನ ಇನ್ನೊಂದು ಚರಿತ್ರೆ ಕಣ್ಣಿಗೆ ಬೀಳುತ್ತದೆ. ಓಬವ್ವನ ಐತಿಹ್ಯವೂ ನೀರು ತರಲು ಹೋದ ಗೃಹಿಣಿಯಿಂದಲೇ ಮೊದಲಾಗುತ್ತದೆಯಷ್ಟೆ.

ಊರಿನ ಪಶ್ಚಿಮಕ್ಕೆ ಬೆಟ್ಟಗಳ ಮಡಿಲಲ್ಲಿರುವ ಚಂದ್ರವಳ್ಳಿಗೆ ಮೊದಲು ಹೋಗಬೇಕು. ಅಲ್ಲಿಯ ಬಂಡೆಯೊಂದರ ಮೇಲೆ ಕದಂಬ ಮಯೂರಶರ್ಮನ ಪ್ರಾಕೃತ ಶಾಸನವಿದೆ. ನಾಲ್ಕನೆಯ ಶತಮಾನದ ಆ ಬರಹ ಕೆರೆಯೊಂದರ ನಿರ್ಮಾಣವನ್ನು ಹೇಳುತ್ತದೆ. ಇದನ್ನು 1929ರಲ್ಲಿ ಬೆಳಕಿಗೆ ತಂದವರು ಡಾ. ಎಂ. ಎಚ್. ಕೃಷ್ಣ ಅವರು. ಇಲ್ಲಿಯ ಉತ್ಖನನದಲ್ಲಿ ಸಾತವಾಹನರ ನಾಣ್ಯಗಳೊಡನೆ ರೋಮಿನ ನಾಣ್ಯಗಳೂ ದೊರೆತಿವೆ. ದೂರದೇಶದ ಹಣ ಬಂದು ಸೇರುತ್ತಿದ್ದ ಊರಿನಲ್ಲಿ ಅರಸನೊಬ್ಬ ಬಂಡೆಯ ಮೇಲೆ ಬರೆಯಿಸಿದ್ದು ಕೆರೆಯ ಮಾತನ್ನು!

ಕೋಟೆಯೊಳಗೂ ಇದೇ ವಿವೇಕ. ಬಂಡೆಯ ಮೇಲೆ ಬಿದ್ದ ಮಳೆನೀರು ಮೇಲಣ ಗೋಪಾಲಸ್ವಾಮಿ ಹೊಂಡವನ್ನು ತುಂಬಿ, ಅಕ್ಕ-ತಂಗಿಯರ ಹೊಂಡಕ್ಕೆ ಇಳಿದು, ಕೆಳಗಿನ ಸಿಹಿನೀರು ಹೊಂಡ, ಸಂತೆಹೊಂಡಗಳವರೆಗೆ ಹರಿಯುವಂತೆ ಪಾಳೆಯಗಾರರ ಕಾಲದಲ್ಲಿ ಏರ್ಪಾಡಾಗಿತ್ತು. ಒಂದು ತುಂಬಿದ ಮೇಲೆ ಇನ್ನೊಂದು, ಹನಿಯೂ ವ್ಯರ್ಥವಾಗಬಾರದು. ಹೈದರಲಿ 1779ರಲ್ಲಿ ಕೋಟೆಯನ್ನು ಗೆದ್ದನು. ಅರಸುತನ ಹೋಯಿತು, ಹೊಂಡಗಳು ಉಳಿದವು.

ಮರುದಿನ ಹಿರಿಯೂರಿನ ಕಡೆ ಹೊರಡಬಹುದು. ವೇದಾವತಿಯ ದಡದ ಆ ಊರಿನಲ್ಲಿ ತೇರು ಮಲ್ಲೇಶ್ವರನ ಗುಡಿಯ ಛಾವಣಿಯ ವರ್ಣಚಿತ್ರಗಳನ್ನು ನೋಡಿಕೊಂಡು, ಮಾರಿಕಣಿವೆಗೆ ಹೋಗಬೇಕು. ಎರಡು ಗುಡ್ಡಗಳ ನಡುವಿನ ಇಕ್ಕಟ್ಟಿನಲ್ಲಿ ನದಿಗೆ ಅಡ್ಡವಾಗಿ ಕಟ್ಟೆ ಎತ್ತುವ ಕೆಲಸ ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1898ರಲ್ಲಿ, ಆರಂಭವಾಗಿ 1907ರಲ್ಲಿ ಮುಗಿಯಿತು. ರಾಜಪ್ರತಿನಿಧಿಯಾಗಿದ್ದ ಮಹಾರಾಣಿಯವರ ಬಿರುದಿನಿಂದ ಅದು ವಾಣೀವಿಲಾಸ ಸಾಗರವಾಯಿತು. ಕಣಿವೆ ಮಾರಮ್ಮನ ಗುಡಿ ಇಂದಿಗೂ ಹಳೆಯ ಹೆಸರನ್ನು ಕಾಯುತ್ತಿದೆ.

ಸುಮಾರು 30 ಟಿಎಂಸಿ ನೀರು ಹಿಡಿಯುವ ಈ ಸಾಗರ 1933ರಲ್ಲಿ ಕೋಡಿ ಬಿದ್ದಿತು; ಮತ್ತೆ ಕೋಡಿ ಬಿದ್ದದ್ದು 89 ವರ್ಷಗಳ ಬಳಿಕ, 2022ರಲ್ಲಿ. ತಾತ ಕಂಡು ಹೇಳಿದ್ದ ನೋಟವನ್ನು ಮೊಮ್ಮಗ ಮುಪ್ಪಿನಲ್ಲಿ ಕಂಡಂತಾಯಿತು. ಆ ನಡುವೆ ನೀರು ತಳಕ್ಕಿಳಿದ ವರ್ಷಗಳಲ್ಲಿ ಹಿರಿಯೂರಿನ ತೆಂಗಿನ ತೋಟಗಳು ಒಣಗಿದ್ದೂ ಉಂಟು. ಈಗ ಭದ್ರಾ ಮೇಲ್ದಂಡೆ ಯೋಜನೆಯ ನೀರೂ ಇಲ್ಲಿಗೆ ಬಂದು ಸೇರುತ್ತದೆ. ಬೆಟ್ಟದ ಮೇಲೆ ಹೊಂಡ ಕಟ್ಟಿದ ಚಿತ್ರದುರ್ಗವೇ ಇಂದು ಈ ಸಾಗರದ ನೀರನ್ನು ಕುಡಿಯುತ್ತದೆ.

ಬಿರುಬೇಸಗೆಗಿಂತ ಮಳೆಗಾಲ ಕಳೆದ ಕೂಡಲೇ ಇಲ್ಲಿಗೆ ಬರುವುದು ಒಳ್ಳೆಯದು. ಕೋಟೆಯ ಗೋಡೆ ಶತ್ರುವನ್ನು ತಡೆದದ್ದು ಕೆಲವು ಕಾಲ. ಹೊಂಡ, ಕೆರೆ, ಕಟ್ಟೆಗಳು ಬಾಯಾರಿಕೆಯನ್ನು ತಡೆದದ್ದು ತಲೆಮಾರುಗಳ ಕಾಲ. ಬಂದವರು ಆ ನೀರಿಗೆ ಕಸ ಎಸೆಯದೆ ಹೋದರೆ, ಅದೇ ಕಟ್ಟಿಸಿದವರಿಗೆ ಸಲ್ಲಿಸುವ ಗೌರವ.