ಬಾಬೆಲಿನ ನದೀತೀರದ ಕೀರ್ತನೆ: ಕರ್ತೃತ್ವ ವಿಚಾರ

ಸಯನ್ ಎಂಬ ಸ್ಥಳನಾಮವನ್ನು ಯೆರೂಸಲೇಮಿನ ಸಿಯೋನ್ ಬೆಟ್ಟಕ್ಕೆ ಸಂಬಂಧಿಸಿ ಹೇಳುವ ಐತಿಹ್ಯವನ್ನು ಮುಂಬಯಿಯ ವಾಚಕರು ಕೇಳಿರಬಹುದು. ಅಲ್ಲಿ ಪ್ರಾರ್ಥನಾಮಂದಿರವನ್ನು ಕಟ್ಟಿದ ಜೆಸೂಯಿಟ್ ಪಾದ್ರಿಗಳು ಆ ಪುಣ್ಯನಾಮವನ್ನಿಟ್ಟರೆಂದು ಕಥೆ. ಮರಾಠಿಯಲ್ಲಿ ಆ ಊರು ‘ಶೀವ’. ನಮ್ಮ ‘ಸೀಮೆ’ಯ ಸೋದರಪದ. ಎಲ್ಲೆ ಎಂದು ಅದರ ಅರ್ಥ. ಮುಂಬಯಿ ದ್ವೀಪಕ್ಕೂ ಸಾಷ್ಟಿಗೂ ನಡುವಣ ಗಡಿ ಅದಾಗಿತ್ತು. ನಿರುಕ್ತಿ ಇಷ್ಟು ಸರಳವಾಗಿದ್ದರೂ ಐತಿಹ್ಯ ಅಳಿದಿಲ್ಲ. ದೊಡ್ಡ ಹೆಸರಿನ ಆಕರ್ಷಣೆ ಅಂಥದು. ಅದೇ ಸಿಯೋನನ್ನು, ಕನ್ನಡ ಸತ್ಯವೇದದ ‘ಚೀಯೋನ’ನ್ನು, ನೆನೆದು ಅತ್ತವರ ಹಾಡಾದ ೧೩೭ನೆಯ ಕೀರ್ತನೆಯ ಕರ್ತೃತ್ವದ ವಿಷಯದಲ್ಲಿಯೂ ಈ ಆಕರ್ಷಣೆ ಕೆಲಸಮಾಡಿದೆ.

ಕೀರ್ತನೆಯ ಪ್ರಸಂಗ ಪ್ರಸಿದ್ಧವಾದುದು. ಕ್ರಿ.ಪೂ. ೫೮೬ರ ಸುಮಾರಿಗೆ ಬಾಬೆಲಿನ ಅರಸನಾದ ನೆಬೂಕದ್ನೆಚ್ಚರನು ಯೆರೂಸಲೇಮನ್ನು ಕೆಡವಿ ಜನರನ್ನು ಸೆರೆಯೊಯ್ದನು. ಸೆರೆಯವರು ನೀರಿನ ದಡದಲ್ಲಿ ಕುಳಿತು ಅಳುತ್ತಾರೆ. ಕಿನ್ನರಿಗಳನ್ನು ಮರಗಳಿಗೆ ತೂಗುಹಾಕುತ್ತಾರೆ. ಸಿಯೋನಿನ ಹಾಡೊಂದನ್ನು ಹಾಡಿರೆಂದು ಒಯ್ದವರು ಕೇಳಿದಾಗ, ಪರನಾಡಿನಲ್ಲಿ ಹಾಡುವುದೆಂತೆಂದು ಮರುಗುತ್ತಾರೆ. ಕಡೆಯಲ್ಲಿ, ಬಾಬೆಲಿನ ಹಸುಗೂಸುಗಳನ್ನು ಬಂಡೆಗಪ್ಪಳಿಸುವವನು ಧನ್ಯನೆಂಬ ಘೋರವಾದ ಶಾಪವಿದೆ. ಆರಾಧನೆಯಲ್ಲಿ ಈ ಭಾಗವನ್ನು ಬಿಟ್ಟು ಹಾಡುವುದುಂಟು. ವ್ಯಾಖ್ಯಾನಕಾರನಿಗೆ ಆ ಸ್ವಾತಂತ್ರ್ಯವಿಲ್ಲ.

ಹೀಬ್ರೂ ಮೂಲದಲ್ಲಿ ಈ ಕೀರ್ತನೆಗೆ ಶಿರೋಲೇಖವೇ ಇಲ್ಲ. ಪ್ರಾಚೀನ ಗ್ರೀಕ್ ಭಾಷಾಂತರವು ಇದನ್ನು ದಾವೀದನಿಗೆ ಸಲ್ಲಿಸುತ್ತದೆ. ಕೆಲವು ಪ್ರತಿಗಳು ಪ್ರವಾದಿ ಯೆರೆಮೀಯನ ಹೆಸರನ್ನೂ ಸೇರಿಸುತ್ತವೆ. ದಾವೀದನು ಈ ಸೆರೆಗಿಂತ ಸುಮಾರು ನಾಲ್ಕು ಶತಮಾನಗಳಷ್ಟು ಹಿಂದಿನವನು. ಈ ತೊಡಕು ಯೆಹೂದ್ಯ ಪಂಡಿತರಿಗೆ ತಿಳಿಯದುದಲ್ಲ. ದೇವರು ದಾವೀದನಿಗೆ ಮುಂದಾಗಲಿದ್ದ ಎರಡು ದೇವಾಲಯಗಳ ನಾಶವನ್ನೂ ತೋರಿಸಿದನೆಂದು ತಾಲ್ಮೂದ್ ಸಮಾಧಾನ ಹೇಳುತ್ತದೆ: ಬಾಬೆಲಿನ ಮಾತು ಮೊದಲನೆಯದಕ್ಕೆ, ಎದೋಮಿನ ಮಾತು ರೋಮನರು ಸುಟ್ಟ ಎರಡನೆಯದಕ್ಕೆ.

ಇದನ್ನು ಕಂಡು ನಗುವ ಮೊದಲು ನಮ್ಮ ಮನೆಯನ್ನು ನೋಡಿಕೊಳ್ಳಬೇಕು. ೧೮೯೮ರಲ್ಲಿ ಕೆ. ಬಿ. ಪಾಠಕರು ಕವಿರಾಜಮಾರ್ಗವನ್ನು ಪ್ರಕಟಿಸಿದಾಗ ಅದರ ಕರ್ತೃ ನೃಪತುಂಗನೆಂದೇ ಭಾವಿಸಿದ್ದರು. ‘ನೃಪತುಂಗದೇವಾನುಮತ’ ಎಂದರೆ ನೃಪತುಂಗನು ಒಪ್ಪಿದ್ದು, ಬರೆದದ್ದಲ್ಲ ಎಂಬುದು ಸ್ಪಷ್ಟವಾದ ಮೇಲೆ ಶ್ರೀವಿಜಯನ ಪಕ್ಷ ಬಲಗೊಂಡಿತು. ಹೀಬ್ರೂವಿನಲ್ಲಿ ೭೩ ಕೀರ್ತನೆಗಳ ತಲೆಯಲ್ಲಿರುವ ‘ಲೆದಾವೀದ್’ ಎಂಬ ಮಾತೂ ಇಂಥದೇ. ‘ಲೆ’ ಎಂಬ ಆ ಒಂದು ಪ್ರತ್ಯಯಕ್ಕೆ ದಾವೀದನ, ದಾವೀದನಿಗಾಗಿ, ದಾವೀದನನ್ನು ಕುರಿತು ಎಂಬ ಅರ್ಥಗಳೆಲ್ಲವೂ ಸಲ್ಲುತ್ತವೆ.

ಯೆರೆಮೀಯನ ಹೆಸರು ಕಾಲಕ್ಕೆ ಹೊಂದಿದರೂ ಅರ್ಥಕ್ಕೆ ಹೊಂದದು. ಅವನು ಬಾಬೆಲಿಗೆ ಹೋದವನೇ ಅಲ್ಲ; ಜನರು ಅವನನ್ನು ಐಗುಪ್ತಕ್ಕೆ ಒಯ್ದರು. ಅದಕ್ಕೂ ಮಿಗಿಲಾಗಿ, ಸೆರೆಯವರಿಗೆ ಅವನು ಬರೆದ ಪತ್ರದಲ್ಲಿ ಮನೆ ಕಟ್ಟಿರಿ, ತೋಟ ಮಾಡಿರಿ, ಆ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿರಿ ಎಂದಿದ್ದಾನೆ. ಆ ಕೈ ಈ ಶಾಪವನ್ನು ಬರೆದಿತೆಂದು ನಾನು ನಂಬಲಾರೆ.

ಹಾಗಾದರೆ ಬರೆದವರಾರು? ಉತ್ತರದ ಸುಳಿವು ‘ಷಾಮ್’ ಎಂಬ ಚಿಕ್ಕ ಪದದಲ್ಲಿದೆ. ‘ಅಲ್ಲಿ’ ಎಂದು ಅದರರ್ಥ. ಅಲ್ಲಿ ಕುಳಿತೆವು, ಅಲ್ಲಿ ನಮ್ಮನ್ನು ಕೇಳಿದರು ಎಂದು ಮೊದಲ ಮೂರು ವಚನಗಳಲ್ಲಿಯೇ ಅದು ಎರಡು ಬಾರಿ ಬರುತ್ತದೆ. ಬಾಬೆಲಿನಲ್ಲಿ ಕುಳಿತವನು ಬಾಬೆಲನ್ನು ‘ಅಲ್ಲಿ’ ಎನ್ನನು. ಇದು ಮರಳಿಬಂದವನ ನೆನಪು. ಕಿನ್ನರಿಯ ಮಾತಿನಿಂದ ಅವನು ದೇವಾಲಯದ ಗಾಯಕವರ್ಗದವನೆಂದು ಊಹಿಸಬಹುದು. ಕ್ರಿ.ಪೂ. ೫೩೯ರಲ್ಲಿ ಪಾರಸಿಯ ಕೋರೆಷನು ಬಾಬೆಲನ್ನು ಗೆದ್ದ ಬಳಿಕ ಹಿಂದಿರುಗಿದವರ ಪಟ್ಟಿಯಲ್ಲಿ ಆಸಾಫನ ವಂಶದ ಗಾಯಕರು ೧೨೮ ಎಂದು ಎಜ್ರನ ಗ್ರಂಥ ಹೇಳುತ್ತದೆ. ನೆಹೆಮೀಯನ ಗ್ರಂಥದಲ್ಲಿ ೧೪೮. ಬ್ಯಾಂಕಿನವನಾದ ನನಗೆ ಈ ಇಪ್ಪತ್ತರ ವ್ಯತ್ಯಾಸ ಇಂದಿಗೂ ಕಾಡುತ್ತದೆ.

ಇನ್ನು ಮರಳದೆ ಉಳಿದವರ ವಿಷಯ. ಅವರ ಮಾತು ಕೀರ್ತನೆಯಲ್ಲಿಲ್ಲ, ಮಣ್ಣಿನ ಫಲಕಗಳಲ್ಲಿದೆ. ೨೦೧೪ರಲ್ಲಿ ಪ್ರಕಟವಾದ ನೂರಕ್ಕೂ ಮಿಕ್ಕ ಫಲಕಗಳು ಬಾಬೆಲ್ ಸೀಮೆಯ ‘ಯೆಹೂದದ ಊರು’ ಮೊದಲಾದ ಹಳ್ಳಿಗಳವು. ಅತ್ಯಂತ ಹಳೆಯದು ಕ್ರಿ.ಪೂ. ೫೭೨ರದು. ಬಾರ್ಲಿ, ಖರ್ಜೂರ, ಬೆಳ್ಳಿಯ ಸಾಲ, ಗೇಣಿ, ತೆರಿಗೆ ಇವೇ ಅವುಗಳ ವಿಷಯ. ಸೆರೆಬಂದವರು ಸಾಲ ಪಡೆಯುತ್ತಾರೆ, ಸಾಲ ಕೊಡುತ್ತಾರೆ, ಸಾಕ್ಷಿ ನಿಲ್ಲುತ್ತಾರೆ. ರಫಾಯಾಮನ ಮಗ ಅಹೀಕಾಮನೆಂಬವನ ವ್ಯವಹಾರದ ಪತ್ರಗಳು ಅನೇಕವಿವೆ. ಅವನು ಸತ್ತಮೇಲೆ ಐವರು ಮಕ್ಕಳು ಆಸ್ತಿಯನ್ನು ಹಂಚಿಕೊಂಡ ಪತ್ರವೂ ಉಳಿದಿದೆ. ಅದು ಬರೆಯಲ್ಪಟ್ಟದ್ದು ಬಾಬೆಲಿನಲ್ಲಿ, ಬಾಬೆಲಿನ ಲಿಪಿಯಲ್ಲಿ. ಐವರಲ್ಲೊಬ್ಬನ ಹೆಸರು ಹಗ್ಗೈ, ಹಬ್ಬದ ದಿನ ಹುಟ್ಟಿದವನು.